ಮೈ ಮುಟ್ಟುವ ವಿದ್ಯೆ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕುಸ್ತಿಯನ್ನೂ ಆಡಿದವರಲ್ಲ. ಆದರೆ ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗಿನ ಗರಡಿಗಳಲ್ಲಿ ಅವರ ಅಪ್ಪಣೆಯಿಲ್ಲದೆ ಒಬ್ಬ ಪೈಲ್ವಾನನೂ ಸೀನುತ್ತಿರಲಿಲ್ಲ! ಉತ್ಪ್ರೇಕ್ಷೆ ಅನ್ನಿಸಿತೇ? ನೀವು ಅವರನ್ನು ನೋಡಿಲ್ಲ, ಅದಕ್ಕೇ ಹಾಗೆ. ನೋಡಿದ್ದರಂತೂ ಖಂಡಿತ ನಂಬುತ್ತಿರಲಿಲ್ಲ.

ಆಸಾಮಿ ಕಬ್ಬಿನ ಜಲ್ಲೆಯಷ್ಟು ತೆಳ್ಳಗೆ. ಪಾದ ಮುಟ್ಟುವ ಪಂಚೆ, ತೋಳಿಲ್ಲದ ಬನಿಯನ್ನು, ಹೆಗಲ ಮೇಲೊಂದು ಎಣ್ಣೆ ಕುಡಿದ ಚೌಕ, ಬರಿಗಾಲು. ಅತ್ತಿಗುಪ್ಪೆಯ ಗರಡಿಯಲ್ಲಿ ಪೈಲ್ವಾನರ ನಡುವೆ ನಿಂತರೆ, ಹಲಸಿನಹಣ್ಣಿನ ರಾಶಿಯಲ್ಲಿ ಯಾರೋ ಒಂದು ನುಗ್ಗೆಕಾಯಿ ಮರೆತು ಹೋದಂತೆ ಕಾಣುತ್ತಿದ್ದರು. ಒಮ್ಮೆ ಮೈಸೂರಿನ ಕಡೆಯಿಂದ ಬಂದ ಪೈಲ್ವಾನನೊಬ್ಬ ಇವರನ್ನು ಗರಡಿಯ ಆಳೆಂದುಕೊಂಡು, ಒಂದು ಚೊಂಬು ನೀರು ತಾರಯ್ಯ ಎಂದ. ಮಾವ ಮಾತಾಡದೆ ಹೋಗಿ ತಂದರು. ಅವನು ಗಟಗಟನೆ ಕುಡಿದು ಚೊಂಬನ್ನು ವಾಪಸು ಕೊಟ್ಟ. ಮಾವ ಅದನ್ನು ಇಸಿದುಕೊಂಡು, "ಎಡಭುಜ ಯಾವಾಗ ಜಾರಿದ್ದು?" ಎಂದರು. ಆ ಮನುಷ್ಯನ ಬಾಯಲ್ಲಿದ್ದ ಕೊನೆಯ ಗುಟುಕು ಒಳಕ್ಕೆ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಚೊಂಬು ಎತ್ತಿದ ರೀತಿಯಲ್ಲೇ ಮಾವನಿಗೆ ಎಲ್ಲ ತಿಳಿದುಹೋಗಿತ್ತು!

ಇವರ ಉದ್ಯೋಗಕ್ಕೆ ಆ ಕಾಲದಲ್ಲಿ ಹೆಸರೇ ಇರಲಿಲ್ಲ. ಕುಸ್ತಿ ಕಲಿಸುವವರು ಉಸ್ತಾದರು. ಅದು ಇವರಲ್ಲ. ಮೈ ನೀವುವವರು ಬೇರೆ, ಮೂಳೆ ಕಟ್ಟುವವರು ಬೇರೆ, ಡಾಕ್ಟರಂತೂ ಬೇರೆಯೇ ಜಾತಿ. ಮಾವ ಇವೆಲ್ಲವನ್ನೂ ಒಂದಿಷ್ಟಿಷ್ಟು ಮಾಡುತ್ತಿದ್ದರು, ಜೊತೆಗೆ ಇವರ್ಯಾರೂ ಮಾಡದ ಒಂದು ಕೆಲಸವನ್ನೂ ಮಾಡುತ್ತಿದ್ದರು: ಯಾರು ಇವತ್ತು ಮಣ್ಣಿಗೆ ಇಳಿಯಬೇಕು, ಯಾರು ಮನೆಗೆ ಹೋಗಿ ಮಲಗಬೇಕು ಅನ್ನುವುದನ್ನು ನಿರ್ಧಾರ ಮಾಡುವುದು. ನೀವು ಗರಡಿಯಲ್ಲಿ ಏನಾಗಿದ್ದೀರಿ ಅಂತ ಯಾರಾದರೂ ಕೇಳಿದರೆ, "ನೋಡ್ಕೊಳ್ಳೋನು" ಎನ್ನುತ್ತಿದ್ದರು. ಅಷ್ಟೇ. ಈಗ ಈ ಕೆಲಸಕ್ಕೆ ಕಾಲೇಜಿದೆ, ದಪ್ಪ ಪುಸ್ತಕಗಳಿವೆ, ಗೋಡೆಗೆ ತೂಗುಹಾಕಲು ಸರ್ಟಿಫಿಕೇಟಿದೆ. ಒಳ್ಳೆಯದೇ. ಆದರೆ 'ನೋಡ್ಕೊಳ್ಳೋನು' ಅನ್ನುವುದಕ್ಕಿಂತ ಸರಿಯಾದ ಹೆಸರನ್ನು ನಾನಂತೂ ಇನ್ನೂ ಕೇಳಿಲ್ಲ.

ನೋಡಿಕೊಳ್ಳುವುದು ಅಂದೆನಲ್ಲ, ಮಾವ ಮೊದಲು ನೋಡುತ್ತಿದ್ದುದು ಮನುಷ್ಯರನ್ನಲ್ಲ, ಅವರ ಚಪ್ಪಲಿಗಳನ್ನು! ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಿನ್ನಿಪೇಟೆಯ ನಮ್ಮ ವಠಾರಕ್ಕೆ ಬಂದಿದ್ದರು. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು, ಮಾತುಕತೆಗೆ ಕೂರಬೇಕಾದ ಸೋದರಮಾವನೇ ಇಲ್ಲ. ಹುಡುಕಿದರೆ ಎಲ್ಲಿದ್ದಾರೆ? ಹೊಸಿಲಾಚೆ ಕುಕ್ಕರುಗಾಲಲ್ಲಿ ಕೂತು, ಬೀಗರಾಗಬೇಕಾದವರ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ತಳ ನೋಡುತ್ತಿದ್ದಾರೆ. ಗಂಡಿನ ಅಣ್ಣ, ಯಾರೋ ಚಪ್ಪಲಿ ಕದಿಯಲು ಬಂದಿದ್ದಾರೆಂದು ಆಗಲೇ ತೋಳು ಮಡಿಸಿದ್ದ.

ಮಾವ ಒಂದು ಜೊತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಇದು ಗಂಡಿನದೇ ಅಲ್ಲವೇ ಎಂದು ಖಾತ್ರಿ ಮಾಡಿಕೊಂಡರು. ಗಂಡು ಬಸ್ ಕಂಡಕ್ಟರ್. "ಎಡಗಾಲಿಂದು ಮಾತ್ರ ಹಿಮ್ಮಡಿ ಸವೆದೈತೆ. ಬಲಗಾಲು ಊರೋಕೆ ಹೆದರ್ತಾನೆ ಹುಡುಗ," ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಗಂಡಿನ ತಾಯಿಗೆ ಸಿಟ್ಟು ಬಂದು, ನಮ್ಮ ಹುಡುಗನಿಗೆ ಕಾಲೇ ಸರಿಯಿಲ್ಲ ಅಂತೀರಾ ಎಂದು ಎದ್ದುನಿಂತರು. ಆಗ ಗಂಡು ತಲೆ ತಗ್ಗಿಸಿಕೊಂಡು, ಹೋದ ವರ್ಷ ಸೈಕಲ್ಲಿನಿಂದ ಬಿದ್ದದ್ದು ನಿಜ, ಅಮ್ಮ ಗಾಬರಿಯಾಗುತ್ತಾಳೆಂದು ಹೇಳಿರಲಿಲ್ಲ ಎಂದ. ಹೆಣ್ಣು ನೋಡಲು ಬಂದ ಮನೆಯಲ್ಲಿ ತಾಯಿ ಮಗನನ್ನು ಬೈಯುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸಂಬಂಧ ಮುರಿಯಿತು ಅಂದುಕೊಂಡು ನಮ್ಮವ್ವ ಅಡುಗೆಮನೆ ಸೇರಿಬಿಟ್ಟಳು. ಮಾವ ಮಾತ್ರ ನಿಧಾನವಾಗಿ ಚಪ್ಪಲಿಯನ್ನು ಇದ್ದಲ್ಲೇ ಇಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು, "ನೋವು ಮುಚ್ಚಿಡೋನು ಕೆಟ್ಟೋನಲ್ಲ ಕಣಕ್ಕ. ಆದ್ರೆ ಮಂಡಿ ಕೆಡ್ತದೆ. ಹುಡುಗಿ ಕೊಡಾನ," ಎಂದರು. ಮದುವೆಯೂ ಆಯಿತು. ಧಾರೆಗೆ ಮುಂಚೆ ವರನನ್ನು ಪಕ್ಕದ ಕೋಣೆಗೆ ಕರೆದೊಯ್ದು ಮಂಡಿಗೆ ಎಣ್ಣೆ ತಿಕ್ಕಿದ್ದರಿಂದ, ಬೆಲೆಬಾಳುವ ರೇಷ್ಮೆ ಪಂಚೆಯ ಮೇಲೆ ಅಂಗೈಯಗಲದ ಕಲೆ. ನನ್ನ ತಂಗಿಯ ಗಂಡ ಈಗಲೂ ಯಾವ ಮದುವೆಗೆ ಹೋದರೂ ಚಪ್ಪಲಿಯನ್ನು ದೂರದ ಮೂಲೆಯಲ್ಲಿ, ಬೇರೆಯವರ ಚಪ್ಪಲಿಗಳ ಕೆಳಗೆ ಹೂತಿಟ್ಟು ಬರುತ್ತಾನೆ!

ಇಂಥವರ ಹತ್ತಿರ ನಾನೇಕೆ ಶಿಷ್ಯನಾಗಿ ಸೇರಿದೆ? ಹೇಳುತ್ತೇನೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದನ್ನು ಮುಚ್ಚಿಡುವವನೂ ಅಲ್ಲ, ಅದಕ್ಕಾಗಿ ಅಳುವವನೂ ಅಲ್ಲ. ಇಪ್ಪತ್ಮೂರನೇ ವಯಸ್ಸಿಗೆ ಮಿಲ್ಲಿನ ಮಗ್ಗದ ಖಾತೆಯಲ್ಲಿ ಏಕಕಾಲಕ್ಕೆ ಎರಡು ಮಗ್ಗ ಓಡಿಸುತ್ತಿದ್ದೆ, ನನ್ನ ಬಟ್ಟೆಯಲ್ಲಿ ಒಂದು ಎಳೆ ತಪ್ಪಿದೆಯೆಂದು ಮೇಸ್ತ್ರಿ ಯಾವತ್ತೂ ಬೆರಳು ತೋರಿಸಿದವನಲ್ಲ. ಆದರೆ ಮಿಲ್ಲಿನ ಮೈದಾನದಲ್ಲಿ ಫುಟ್‌ಬಾಲು ಆಡುತ್ತಿದ್ದ ನಮ್ಮ ಹುಡುಗರು ಸಂಜೆ ಕಾಲು ಉಳುಕಿಸಿಕೊಂಡು, ಬೆಳಿಗ್ಗೆ ಅದೇ ಕಾಲಲ್ಲಿ ಮಗ್ಗದ ಮುಂದೆ ಎಂಟು ಗಂಟೆ ನಿಲ್ಲುವುದನ್ನು ನೋಡುತ್ತಿದ್ದೆ. ಆಡುವವರನ್ನು ಹುರಿದುಂಬಿಸಲು ಸಾವಿರ ಜನ. ಬಿದ್ದವನನ್ನು ನೋಡಿಕೊಳ್ಳಲು ಒಬ್ಬನೂ ಇಲ್ಲ. ನಾನೇಕೆ ಕಲಿಯಬಾರದು ಅನ್ನಿಸಿತು. ಒಂದು ಭಾನುವಾರ ವೀಳ್ಯದೆಲೆ, ಬಾಳೆಹಣ್ಣು ಹಿಡಿದು ಅತ್ತಿಗುಪ್ಪೆಗೆ ಹೋಗಿ ಮಾವನ ಕಾಲಿಗೆ ಬಿದ್ದೆ.

ಮಾವ ಬಾಳೆಹಣ್ಣು ತಿಂದರು. ಸಿಪ್ಪೆಯನ್ನು ನನ್ನ ಕೈಗೇ ಕೊಟ್ಟು, ಪೊರಕೆ ಎಲ್ಲಿದೆ ಅಂತ ತೋರಿಸಿದರು.

ಹೀಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಮೊದಲ ಆರು ತಿಂಗಳು ಗರಡಿ ಗುಡಿಸುವುದು, ಅಖಾಡದ ಕೆಮ್ಮಣ್ಣನ್ನು ಗುದ್ದಲಿಯಿಂದ ತಿರುವಿ, ಜರಡಿ ಹಿಡಿದು, ಒಂದು ಹರಳೂ ಇಲ್ಲದಂತೆ ಮಾಡುವುದು. ಮೈ ಕೆಟ್ಟಮೇಲೆ ರಿಪೇರಿ ಮಾಡುವುದಕ್ಕಿಂತ, ಕೆಡಿಸುವ ಕಲ್ಲನ್ನು ಮೊದಲೇ ಹೆಕ್ಕುವುದು ದೊಡ್ಡ ವಿದ್ಯೆ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆಗ ಹೊಳೆದದ್ದು ಸೊಂಟನೋವು ಮಾತ್ರ!

ಆಮೇಲಿನ ಪಾಠ ರಾಗಿ ಮುದ್ದೆಯದು. ತಟ್ಟೆಯಲ್ಲಿ ಮುದ್ದೆ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಹೆಬ್ಬೆರಳಿನಿಂದ ಬಟ್ಟೆಯ ಮೇಲೇ ಒತ್ತುತ್ತ ಹೋಗಿ, ಒಳಗೆ ಎಲ್ಲಿ ಹಿಟ್ಟಿನ ಗಂಟಿದೆ ಅಂತ ಹೇಳಬೇಕು. ಮುದ್ದೆಯ ರೂಪ ಕೆಡಬಾರದು. ಪೈಲ್ವಾನನ ಬೆನ್ನೂ ಇಷ್ಟೇ, ಮೇಲೆ ನುಣ್ಣಗೆ, ಒಳಗೆಲ್ಲೋ ಒಂದು ಗಂಟು ಎನ್ನುತ್ತಿದ್ದರು ಮಾವ. ವಾದ ಸರಿಯೇ. ಆದರೆ ಅದಕ್ಕೆ ಗಂಟಿರುವ ಮುದ್ದೆ ಬೇಕಲ್ಲ? ಮನೆಯಲ್ಲಿ ಬೇಕೆಂತಲೇ ಗಂಟು ಬಿಟ್ಟು ಮುದ್ದೆ ತೊಳಸಿಕೊಡಲಿ ಅಂತ ಮಾವ ನನ್ನ ಹೆಂಡತಿಗೆ ಹೇಳಿ ಕಳಿಸಿದರು!

ಮಾಗಡಿ ಸೀಮೆಯಿಂದ ಬಂದ ಹೆಣ್ಣುಮಗಳಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು? ಅವಳು ಒಲೆಯ ಮುಂದೆ ತೊಳಸುಗೋಲು ಹಿಡಿದೇ ನನ್ನನ್ನು ವಿಚಾರಿಸಿಕೊಂಡಳು.

"ಗಂಟಿಲ್ದಂಗೆ ಮುದ್ದೆ ಕಟ್ತಾಳೆ ಅಂತ್ಲೇ ನಿಮ್ಮವ್ವ ನನ್ನ ಒಪ್ಪಿದ್ದು. ಈಗ ನಾನಾಗೇ ಗಂಟು ಬಿಡ್ಲಾ?"

"ಒಂದೇ ಒಂದು ಗಂಟು ಕಣೇ. ವಿದ್ಯೆಗೋಸ್ಕರ."

"ವಠಾರದೋರು ನೋಡಿದ್ರೆ? ವಿದ್ಯೆ ಅಂತ ಹಣೆ ಮೇಲೆ ಬರ್ಕೊಂಡಿರುತ್ತಾ ಮುದ್ದೆ?"

ಕೊನೆಗೆ ಬಾಗಿಲು ಹಾಕಿಕೊಂಡು, ಯಾರೂ ನೋಡದಂತೆ, ಕಳ್ಳ ನೋಟು ಮುದ್ರಿಸುವವರಂತೆ ನಾವಿಬ್ಬರೂ ಗಂಟಿನ ಮುದ್ದೆ ಮಾಡತೊಡಗಿದೆವು. ನಾಲ್ಕು ತಿಂಗಳು ನಾನು ಒತ್ತಿದ್ದೇ ಒತ್ತಿದ್ದು. ಗುಟ್ಟು ಉಳಿಯಿತೇ? ಎಲ್ಲಿಯ ಮಾತು! ಪಕ್ಕದ ಮನೆಯಾಕೆ ಒಂದು ದಿನ ಮರುಕದಿಂದ ಇವಳನ್ನು ಕರೆದು, ಹಿಟ್ಟನ್ನು ಹೇಗೆ ಬಿಡಬೇಕು ಅಂತ ಹೇಳಿಕೊಟ್ಟಳಂತೆ. ಆ ರಾತ್ರಿ ನನಗೆ ಊಟಕ್ಕೆ ಸಿಕ್ಕಿದ್ದು ಬರೀ ಗಂಟು.

ಹೀಗೆ ಮುದ್ದೆ ಮುಗಿಯಿತು, ಮಾವನ ಹಿಂದೆ ಎಣ್ಣೆಬಟ್ಟಲು ಹಿಡಿದು ನಿಲ್ಲುವುದು ಬಂತು. ಒಬ್ಬ ಪೈಲ್ವಾನನ ಪಕ್ಕೆಲುಬಿಗೆ ಪೆಟ್ಟಾಗಿತ್ತು. ಮುಂದಿನ ಭಾನುವಾರ ಅವನಿಗೆ ಜಂಗಿ ಕುಸ್ತಿ, ಊರೆಲ್ಲ ಪೋಸ್ಟರು ಅಂಟಿಸಿಯಾಗಿದೆ. ಮಾವ ಮುಟ್ಟಿ ನೋಡಿ, ಇನ್ನು ಮೂರು ವಾರ ಮಣ್ಣು ಮುಟ್ಟಬೇಡ ಎಂದರು. ಉಸ್ತಾದರು ಕೈಮುಗಿದರು. ಊರ ಯಜಮಾನರು ಬಂದು ಗರಡಿಯ ಮಾನದ ಪ್ರಶ್ನೆ ಎಂದರು. ಪೈಲ್ವಾನ ಅತ್ತೂ ನೋಡಿದ, ಹೆದರಿಸಿಯೂ ನೋಡಿದ. ಮಾವ ಯಾರೊಂದಿಗೂ ಚರ್ಚೆಗಿಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಅವನ ಕುಸ್ತಿಯ ಚಲ್ಲಣವನ್ನು ನಾಲ್ಕು ಮಡಿಕೆ ಮಾಡಿ ಗರಡಿಯ ಜಗುಲಿಯ ಮೇಲೆ ಹಾಸಿ, ಅದರ ಮೇಲೆ ಕೂತುಬಿಟ್ಟರು! ಸಂಜೆ ಆರರವರೆಗೆ ಕದಲಲಿಲ್ಲ. ಒಂದು ಕೈಯಲ್ಲಿ ಎತ್ತಿ ಎಸೆಯಬಲ್ಲಂಥ ಮೂವತ್ತು ಜನ ಸುತ್ತ ನಿಂತಿದ್ದರು. ಒಬ್ಬರಿಗೂ ಧೈರ್ಯ ಬರಲಿಲ್ಲ. ಯಾಕೆಂದರೆ ನಾಳೆ ತಮ್ಮ ಪಕ್ಕೆಯೂ ಅದೇ ಕೈಗೆ ಸಿಕ್ಕಬೇಕು!

ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೇನೆ. ಆದರೆ ಮೂರು ವರ್ಷ ಕಳೆದರೂ ಮಾವ ಒಬ್ಬನೇ ಒಬ್ಬ ಮನುಷ್ಯನ ಮೈಯನ್ನು ಮುಟ್ಟಲು ನನ್ನನ್ನು ಬಿಟ್ಟಿರಲಿಲ್ಲ. ನನಗಿಂತ ತಡವಾಗಿ ಸೇರಿದ ಇಬ್ಬರು ಆಗಲೇ ಪೈಲ್ವಾನರ ಬೆನ್ನು ನೀವುತ್ತಿದ್ದರು. ಸ್ವಂತ ಅಕ್ಕನ ಮಗ ನಾನು ಎಣ್ಣೆಬಟ್ಟಲಿನ ಹತ್ತಿರವೇ. ಕೇಳಿದರೆ, ಇನ್ನೂ ಆಗಿಲ್ಲ ಎಂಬ ಎರಡು ಪದ.

ಅಷ್ಟರಲ್ಲಿ ಮಿಲ್ಲಿನಲ್ಲಿ ಒಂದು ಸುದ್ದಿ ಹಬ್ಬಿತು. ಆಟಗಾರರನ್ನು ನೋಡಿಕೊಳ್ಳಲು ಒಬ್ಬ ಟ್ರೈನರನ್ನು ಇಟ್ಟುಕೊಳ್ಳುತ್ತಾರಂತೆ. ನಾನು ನೇರ ಲೇಬರ್ ಆಫೀಸರ ಮುಂದೆ ಹೋಗಿ ನಿಂತೆ. ಅವರು ಎಲ್ಲಿಯವರೆಗೆ ಓದಿದ್ದೀಯಾ ಎಂದರು. ನಾಲ್ಕನೇ ಕ್ಲಾಸು ಎಂದೆ, ತಲೆ ಎತ್ತಿಯೇ. ಸರ್ಟಿಫಿಕೇಟು ಕೇಳಿದರು. ನಮ್ಮ ವಿದ್ಯೆಯಲ್ಲಿ ಗುರುವಿನ ಬಾಯಿಮಾತೇ ಸರ್ಟಿಫಿಕೇಟು ಎಂದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಸೋಮವಾರದೊಳಗೆ ನಿಮ್ಮ ಗುರುಗಳು ಬಂದು ನನ್ನ ಮುಂದೆ ಆ ಮಾತು ಹೇಳಲಿ, ಕೆಲಸ ನಿನ್ನದು. ಇಲ್ಲದಿದ್ದರೆ ಮಂಗಳವಾರ ಬೇರೆಯವರನ್ನು ಕರೆಸುತ್ತೇನೆ ಎಂದರು.

ಒಂದು ಮಾತು. ಒಂದೇ ಒಂದು ಮಾತು ಸಾಕಿತ್ತು. ಶುಕ್ರವಾರ ಪಾಳಿ ಮುಗಿಸಿ, ತಲೆಗೂದಲಲ್ಲಿ ಹತ್ತಿಯ ಧೂಳಿರುವಾಗಲೇ ಅತ್ತಿಗುಪ್ಪೆಗೆ ಓಡಿದೆ. ಮಾವ ಕೆರೆ ಏರಿಯ ಮೇಲೆ ಹಸು ಮೇಯಿಸುತ್ತಿದ್ದರು. ಎಲ್ಲ ಹೇಳಿದೆ. ಅವರು ಹಸುವನ್ನೇ ನೋಡುತ್ತ, "ಇನ್ನೂ ಆಗಿಲ್ಲ ಅಳಿಯ," ಎಂದರು.

ದುಡಿದು ತಿನ್ನುವವನಿಗೆ ಬೈಗುಳ ತಡೆಯುತ್ತದೆ, ಉಪವಾಸವೂ ತಡೆಯುತ್ತದೆ. ನೀನು ಸಾಲದು ಅನ್ನುವುದು ತಡೆಯುವುದಿಲ್ಲ. ಮೂರು ವರ್ಷ ಗುಡಿಸಿದ್ದನ್ನೆಲ್ಲ ಹೇಳಿದೆ. ಮುದ್ದೆಯನ್ನೂ ಹೇಳಿದೆ. ಆಮೇಲೆ ಹೇಳಬಾರದ್ದನ್ನೂ ಹೇಳಿದೆ.

"ಒಂದು ದಿನ ಅಖಾಡಕ್ಕೆ ಇಳಿದೋರಲ್ಲ ನೀವು. ಬೇರೆಯೋರಿಗೆ ಬೇಡ ಅನ್ನೋದೊಂದೇ ನಿಮಗೆ ಗೊತ್ತಿರೋದು."

ಮಾವ ಹಸುವಿನ ಹಗ್ಗ ಬಿಚ್ಚಿ, ನೆಟ್ಟಗೆ ಮನೆಯ ಕಡೆಗೆ ಹೊರಟರು.

ಶನಿವಾರ ನಾನು ಮಗ್ಗದ ಮುಂದೆ ನಿಂತಿದ್ದು ನೆನಪಿದೆ, ನೇಯ್ದದ್ದು ನೆನಪಿಲ್ಲ. ಅವತ್ತು ಮೊದಲ ಸಲ ನನ್ನ ಬಟ್ಟೆಯಲ್ಲಿ ಎಳೆ ತಪ್ಪಿತು.

ಭಾನುವಾರ ಬೆಳಿಗ್ಗೆ ವಠಾರದ ಬಾಗಿಲಲ್ಲಿ ಮಾವ ನಿಂತಿದ್ದರು. ನನ್ನ ಹೆಂಡತಿ ತಲೆಯ ಮೇಲೆ ಸೆರಗೆಳೆದುಕೊಂಡು, ಬನ್ನಿ ಮಾವನೋರೆ ಎಂದು ಚಾಪೆ ಹಾಸಿದಳು. ಕಾಫಿ ಬೇಡ ಎಂದರು. ಕೊಬ್ಬರಿ ಎಣ್ಣೆ ಬಿಸಿ ಮಾಡಿಸಿಕೊಂಡರು, ಅವಳಿಗೆ ಪಕ್ಕದ ಮನೆಗೆ ಹೋಗಿ ಬಾ ತಾಯಿ ಎಂದರು. ಆಮೇಲೆ ಚಾಪೆಯ ಮೇಲೆ ಕಾಲು ನೀಡಿ ಕೂತು, ಬಲಗಾಲಿನ ಪಂಚೆಯನ್ನು ಮಂಡಿಯವರೆಗೆ ಸರಿಸಿದರು.

"ನೋಡು," ಎಂದರು.

ಮೂರು ವರ್ಷದಲ್ಲಿ ಆ ಕಾಲನ್ನು ನಾನು ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲ ಅಂತ ಕಾಣುತ್ತದೆ. ಕಣ್ಣಿಗೆ ಹೆಚ್ಚೇನೂ ತೋರಲಿಲ್ಲ. ಎಣ್ಣೆ ಹಚ್ಚಿ ಹೆಬ್ಬೆರಳು ಇಳಿಸುತ್ತ ಬಂದೆ. ಮಂಡಿಗಿಂತ ನಾಲ್ಕು ಬೆರಳು ಕೆಳಗೆ ನನ್ನ ಕೈ ನಿಂತುಹೋಯಿತು. ಮೂಳೆಯ ಮೇಲೆ ಮೂಳೆ ಏರಿ ಕೂತು ಹಾಗೇ ಬೆಸೆದುಕೊಂಡಿತ್ತು. ಕಾಲು ಅರ್ಧ ಅಂಗುಲವಾದರೂ ಗಿಡ್ಡ. ಸುತ್ತಲಿನ ಮಾಂಸವೆಲ್ಲ ಹಗ್ಗ ಹೊಸೆದಂತೆ ಬಿಗಿದುಕೊಂಡಿತ್ತು. ಇಂಥ ಕಾಲಲ್ಲಿ ಮನುಷ್ಯ ಕುಂಟದೆ ನಡೆಯಲು ಸಾಧ್ಯವೇ ಇಲ್ಲ. ಇವರು ನಡೆಯುತ್ತಿದ್ದರು!

"ಏನು ಕಂಡ್ತು?"

"ಮುರಿದಿತ್ತು ಮಾವ. ಕಟ್ಟಿದೋರು ಎಳೆದು ಸರಿಯಾಗಿ ಕೂರಿಸಿಲ್ಲ. ಅರ್ಧಕ್ಕೆ ಬಿಟ್ಟಿದ್ದಾರೆ. ಯಾರು ಕಟ್ಟಿದ್ದು?"

"ನಿಮ್ಮ ತಾತ."

ನಮ್ಮ ತಾತ! ಸುತ್ತ ಹತ್ತು ಹಳ್ಳಿಯ ದನಕ್ಕೂ ಜನಕ್ಕೂ ಮೂಳೆ ಕಟ್ಟುತ್ತಿದ್ದವರು. ಅವರು ಕಟ್ಟಿದ ಮೂಳೆ ಮುರಿಯದ್ದಕ್ಕಿಂತ ಗಟ್ಟಿ ಎಂದು ನಮ್ಮವ್ವ ಆಗಲೂ ಹೇಳುತ್ತಿದ್ದಳು. ನಾನು ಮಾವನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

"ಹದಿನೆಂಟು ವರ್ಷ ನನಗೆ. ಸಾಮು ಮಾಡ್ತಿದ್ದೆ, ಇನ್ನೇನು ಕುಸ್ತಿಗೆ ಬಿಡಬೇಕು. ಬಾವಿ ಮೆಟ್ಟಿಲಲ್ಲಿ ಜಾರಿದೆ. ಬ್ಯಾರೆಯೋರ ಮಕ್ಕಳಾಗಿದ್ರೆ ಅಪ್ಪ ಎಳೆದು ಕೂರಿಸ್ತಿದ್ದ. ನಾನು ಕೂಗ್ಕೊಂಡೆ ನೋಡು, ಅವನ ಕೈ ನಡುಗಿಬಿಡ್ತು. ಎಳೆಯೋದು ನಿಲ್ಲಿಸಿ, ಹಂಗೇ ಕಟ್ಟಿಬಿಟ್ಟ."

"ತಾತನಿಗೆ ಗೊತ್ತಾಗಲಿಲ್ವಾ?"

"ಗೊತ್ತಾಗಕ್ಕೆ ಬಿಟ್ರೆ ತಾನೆ? ನಾನು ಕುಂಟಿದ್ದು ಕಂಡಿದ್ರೆ ಅವನು ಇನ್ನೊಬ್ಬರ ಮೈ ಮುಟ್ತಿರಲಿಲ್ಲ ಕಣೋ. ಹತ್ತು ಹಳ್ಳಿಗೆ ಅವನೊಬ್ಬನೇ ಇದ್ದದ್ದು. ಹಿಮ್ಮಡಿ ಎತ್ತಿ ನೆಟ್ಟಗೆ ನಡೆಯೋದು ಕಲ್ತೆ. ಅವನು ಹೋಗಿ ಹನ್ನೊಂದು ವರ್ಷ ಆಯ್ತು. ಅಭ್ಯಾಸ ಬಿಡಲಿಲ್ಲ."

ಆಮೇಲೆ ಅವರು, ನೀನು ನನ್ನ ಅಕ್ಕನ ಮಗ, ನಿನಗೂ ಆ ಕೈಯೇ ಬಂದಿರಬಹುದು ಅಂತ ನನಗೆ ಭಯವಿತ್ತು ಎಂದರು. ಈ ಮೂಳೆ ಇನ್ನು ಸರಿಹೋಗುವುದಿಲ್ಲ, ಆದರೆ ಸುತ್ತ ಬಿಗಿದಿರುವುದನ್ನು ಬಿಡಿಸಬಹುದು ಎಂದರು. ಅದು ನನಗೂ ಗೊತ್ತಾಗಿತ್ತು.

"ಒತ್ತು. ನಾನು ಕೂಗ್ಕೊಂಡ್ರೆ ನಿಲ್ಲಿಸಬೇಡ."

ಒತ್ತಿದೆ. ಮಾವ ಹಲ್ಲು ಕಚ್ಚಿದರು. ಇನ್ನೂ ಆಳಕ್ಕಿಳಿದೆ. ಆಗ ಅವರು ಕೂಗಿಕೊಂಡರು. ಅರವತ್ತು ಮುಟ್ಟುತ್ತಿದ್ದ ಮನುಷ್ಯ, "ಅಪ್ಪಾ" ಎಂದು. ನನ್ನ ಕಣ್ಣು ಮಂಜಾಗಿ ಕಾಲು ಕಾಣದೆ ಹೋಯಿತು. ಆದರೆ ನೋಡುವ ಕೆಲಸ ಕಣ್ಣಿನದಾಗಿರಲಿಲ್ಲವಲ್ಲ. ಹೆಬ್ಬೆರಳು ತನ್ನ ದಾರಿಯಲ್ಲಿ ತಾನು ಹೋಯಿತು. ಎಷ್ಟು ಹೊತ್ತೋ, ಒಂದೊಂದೇ ಎಳೆ ಸಡಿಲವಾಗುತ್ತ ಬಂತು. ನಿಲ್ಲಿಸಿ ತಲೆಯೆತ್ತಿದಾಗ ಮಾವ ಗೋಡೆಗೊರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು.

ಎದ್ದು ಮುಖ ತೊಳೆದುಕೊಂಡು, ನಾಳೆ ನಿಮ್ಮ ಆಫೀಸರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿದರು. ಹತ್ತು ಎಂದೆ. ಕೆರೆ ಏರಿಯ ಮೇಲೆ ಆಡಿದ ಮಾತಿಗೆ ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದೆ. ಅವರು ಒದ್ದೆ ಕೈಯಿಂದಲೇ ನನ್ನ ಕೆನ್ನೆ ತಟ್ಟಿ, ಅಂಗಳಕ್ಕಿಳಿದರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಟೋಲ್‌ಗೇಟಿನ ಕಡೆಗೆ ಹೋಗುವ ಆ ನೇರ ದಾರಿಯಲ್ಲಿ, ಭಾನುವಾರದ ಅಷ್ಟೂ ಜನರ ನಡುವೆ, ನಮ್ಮ ಮಾವ ಆರಾಮವಾಗಿ ಕುಂಟುತ್ತ ಹೋದರು.